ಲೋಹಾಸ್ಥಿಸಂಧಾನ

ಕಳೆದ ತಿಂಗಳು ರಾಯಚೂರಿನಲ್ಲಿ ಸೊಂಟದ ಕೀಲನ್ನು ಬದಲಿಸಿಕೊಂಡ ದೇವದುರ್ಗದ ಗೌಂಡಿಯೊಬ್ಬನು ನಮ್ಮ ಮನೆಗೆ ಬಂದಿದ್ದನು. ಮಾನವಿಯ ಶಾಲೆಯಲ್ಲಿ ನನ್ನ ಹತ್ತಿರ ಓದಿದವನು. ಆರು ವಾರ ಕೋಲು ಬಿಡಕೂಡದೆಂದು ವೈದ್ಯರ ಆಜ್ಞೆ. ಅವನಿಗಾದರೋ ಕೂಲಿ ತಪ್ಪುವ ಚಿಂತೆ. “ನೋವೇ ಇಲ್ರಿ ಗುರುಗಳ, ನಾಳಿಂದ ಕೆಲಸಕ್ಕ ಹೋಗ್ತೀನಿ. ಕಬ್ಬಿಣ ಕೂಡಿಸ್ಯಾರ, ಇನ್ನೇನಾಗಬೇಕು?” ಎಂದನು. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಈ ಪ್ರಶ್ನೆ ಹುಟ್ಟುವುದುಂಟು. ಅದಕ್ಕಾಗಿ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಅದು ಕಬ್ಬಿಣವಲ್ಲ. ತೊಡೆಯೆಲುಬಿನೊಳಗೆ ಇಳಿಸುವ ದಂಟು ಸಾಮಾನ್ಯವಾಗಿ ಟೈಟೇನಿಯಂ ಮಿಶ್ರಲೋಹ; ನೂರರಲ್ಲಿ ಸುಮಾರು 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ. ಅದು ತುಕ್ಕು ಹಿಡಿಯದು, ದೇಹಕ್ಕೆ ಒಗ್ಗುವುದು. ಆದರೂ ಎಲುಬು ಬೇಗನೆ ಹಿಡಿಯಲೆಂದು ಕೆಲವು ದಂಟುಗಳಿಗೆ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜವನ್ನು ಲೇಪಿಸುತ್ತಾರೆ. ಸುಣ್ಣದ ಅಂಶವೂ ರಂಜಕವೂ ಕೂಡಿದ ಇಂಥ ಖನಿಜದಿಂದಲೇ ನಮ್ಮ ಎಲುಬಿಗೆ ಗಟ್ಟಿತನ. ಲಂಡನ್ನಿನ ಶಸ್ತ್ರವೈದ್ಯ ಫರ್ಲಾಂಗ್ ಅವರು 1985ರಲ್ಲಿ ಇಂಥ ಲೇಪವುಳ್ಳ ಕೀಲನ್ನು ಮೊದಲು ಕೂಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇಂಥ ಪದಾರ್ಥಗಳ ಸಂಶೋಧನೆ ನಡೆದಿದೆ.

ಸಂಧಾನವೆಂದರೆ ಕೂಡಿಸುವುದು, ಮುರಿದ ಎಲುಬಿಗೂ ಮುರಿದ ಸ್ನೇಹಕ್ಕೂ ಅದೇ ಮಾತು. ಇಲ್ಲಿ ಲೇಪವೇ ಸಂಧಾನಕಾರ. ಕೃಷ್ಣಸಂಧಾನದ ಆಟ ನೋಡಿದವರು ಬಲ್ಲರು, ಒಂದು ಪಕ್ಷ ಒಪ್ಪಿದ ಮಾತ್ರಕ್ಕೆ ಸಾಲದು. ಎಲುಬು ಈ ಖನಿಜವನ್ನು ತನ್ನದೆಂದೇ ಅಪ್ಪಿಕೊಳ್ಳುತ್ತದೆ; ತೊಡಕಿರುವುದು ಲೋಹದ ಕಡೆಗೆ. ಆದುದರಿಂದ ಗಡುಸಾದ ಪುಡಿಯನ್ನು ರಭಸದಿಂದ ಎರಚಿ ಲೋಹದ ಮೈಯನ್ನು ಒರಟು ಮಾಡಿ, ಸಾವಿರಾರು ಡಿಗ್ರಿ ತಾಪದ ವಿದ್ಯುಜ್ಜ್ವಾಲೆಯಲ್ಲಿ ಕರಗಿದ ಖನಿಜದ ಹನಿಗಳನ್ನು ಅದರ ಮೇಲೆ ಸಿಡಿಸುತ್ತಾರೆ. ಆರುವಾಗ ಖನಿಜವು ಲೋಹಕ್ಕಿಂತ ಹೆಚ್ಚು ಕುಗ್ಗುತ್ತದೆ. ಲೇಪ ದಪ್ಪವಾದರೆ ಬಿರಿದು ಕಳಚೀತು. ಅದನ್ನು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿಯೇ ಇಡುವುದು ಇದಕ್ಕಾಗಿ.

ಇಷ್ಟಾದರೂ ಎಲುಬು ಬೆಳೆದು ಹಿಡಿಯಲು ವಾರಗಳು ಬೇಕು. ಆ ಅವಧಿಯಲ್ಲಿ ದಂಟು ಎರಡು ಕೂದಲೆಳೆಗಳ ದಪ್ಪಕ್ಕಿಂತ ಹೆಚ್ಚಾಗಿ ಅಲುಗುತ್ತಿದ್ದರೆ, ಎಲುಬಿನ ಬದಲು ಮೆತ್ತನೆಯ ನಾರು ಬೆಳೆದು ಕೀಲು ಸಡಿಲವಾಗಿ ಉಳಿದೀತು. ನೋವು ಹೋದುದು ಸಂಧಾನ ಮುಗಿದುದರ ಗುರುತಲ್ಲ.

ಗೌಂಡಿಯು ಕ್ಷಣಕಾಲ ಸುಮ್ಮನಿದ್ದು, “ಹಂಗಾದ್ರ ಇದು ಗಿಲಾವಿನ ಕೆಲಸದಂಗ ಆತಲ್ರಿ. ನುಣ್ಣನ್ನ ಗ್ವಾಡಿಗೆ ಗಿಲಾವು ನಿಲ್ಲಂಗಿಲ್ಲ, ಹಸಿ ಗಿಲಾವಿಗೆ ಮೊಳಿ ಹೊಡೀಬಾರ್ದು” ಎಂದನು. ನನ್ನ ವಿವರಣೆಗಿಂತ ಅವನ ಮಾತೇ ಮೇಲಾಯಿತು. ಕೋಲೂರಿಕೊಂಡೇ ಊರಿಗೆ ಹೊರಟನು.

ಮನೆಯಲ್ಲಿ ಇಂಥ ರೋಗಿಗಳಿದ್ದರೆ, ಕೋಲನ್ನು ಎಂದು ಬಿಡಬೇಕೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ಅಲ್ಲಿಯವರೆಗೆ ಅವರನ್ನು ಅವಸರಪಡಿಸಬೇಡಿರಿ.