ಊರಿಗೆ ಓದಲು ಬರುವ ಮಕ್ಕಳೂ ಪರದೇಶಿಗಳೇ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಸರ್ಕಾರಿ ದಾಖಲೆಗಳಲ್ಲಿ ಈಗ ಅಲ್ ಜಾಹಿಯಾ ಎಂಬ ಹೆಸರು. ಇಲ್ಲಿ ನೆಲೆಸಿದವರ ಬಾಯಲ್ಲಿ ಮಾತ್ರ ಹಳೆಯದೇ ಉಳಿದಿದೆ. ಅಬುಧಾಬಿ ಮಾಲ್‌ನ ಸುತ್ತಲಿನ ಬಹುಮಹಡಿ ಕಟ್ಟಡಗಳಲ್ಲಿ ಬೆಳೆದ ಕನ್ನಡ, ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಮಕ್ಕಳ ಪಾಡೂ ಹೀಗೆಯೇ: ದಾಖಲೆಯಲ್ಲೊಂದು ಗುರುತು, ಬಂಧುಗಳ ಮಾತಿನಲ್ಲಿ ಇನ್ನೊಂದು. ಹನ್ನೆರಡನೆಯ ತರಗತಿ ಮುಗಿದೊಡನೆ ಈ ಅಂತರ ಬಯಲಾಗುತ್ತದೆ.

ಇಲ್ಲಿ ಉನ್ನತ ಶಿಕ್ಷಣಕ್ಕೆ ಅವಕಾಶವಿಲ್ಲವೆಂದಲ್ಲ. ಮಣಿಪಾಲ ಮತ್ತು ಬಿಟ್ಸ್ ಪಿಲಾನಿ 2000ದಲ್ಲೇ ದುಬೈಗೆ ಬಂದವು. ನ್ಯೂಯಾರ್ಕ್ ವಿಶ್ವವಿದ್ಯಾಲಯ 2010ರಲ್ಲಿ ಅಬುಧಾಬಿಯಲ್ಲಿ ತರಗತಿ ತೆರೆಯಿತು. ದೆಹಲಿ ಐಐಟಿಯ ಅಬುಧಾಬಿ ಕ್ಯಾಂಪಸ್ 2024ರಲ್ಲಿ ಬಿ.ಟೆಕ್. ಆರಂಭಿಸಿತು. ಆದರೆ ಕುಟುಂಬದ ವಾಸವೆಲ್ಲ ದುಡಿಯುವವರ ವೀಸಾಕ್ಕೆ ಕಟ್ಟುಬಿದ್ದಿರುವಾಗ, ನಾಲ್ಕು ವರ್ಷದ ಓದನ್ನು ಒಂದು ನೌಕರಿಯ ನೆಚ್ಚಿಕೆಯ ಮೇಲೆ ನಿಲ್ಲಿಸಲು ಅನೇಕ ತಂದೆತಾಯಂದಿರು ಹಿಂಜರಿಯುತ್ತಾರೆ. ಮಗುವನ್ನು ಊರಿಗೆ ಕಳುಹಿಸುತ್ತಾರೆ.

'ಊರಿಗೇ ಬರುತ್ತಾನಲ್ಲ, ಇನ್ನೇನು ಚಿಂತೆ' ಎನ್ನುತ್ತಾರೆ ಬಂಧುಗಳು. ಪ್ರವೇಶದ ನಿಯಮಗಳು ಬೇರೆಯೇ ಹೇಳುತ್ತವೆ. ಸುರತ್ಕಲ್‌ನ ಎನ್‌ಐಟಿಕೆ ಸೇರುವ ಗಲ್ಫ್ ಮಕ್ಕಳಿಗಾಗಿ ಇರುವ 'ದಾಸಾ' ಯೋಜನೆಯ ಹೆಸರಿನ ಅರ್ಥವೇ ವಿದೇಶದಲ್ಲಿರುವ ವಿದ್ಯಾರ್ಥಿಗಳ ನೇರ ಪ್ರವೇಶ. ಗಲ್ಫ್‌ನಲ್ಲಿ ದುಡಿಯುವವರ ಮಕ್ಕಳಿಗೆ ಅದರೊಳಗೆ ಪ್ರತ್ಯೇಕ ವರ್ಗವಿದೆ. ಕರ್ನಾಟಕದ ಸಿಇಟಿ ಸೀಟಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ರಾಜ್ಯದೊಳಗೆ ಕನಿಷ್ಠ 7 ವರ್ಷ ಓದಿರಬೇಕು. ಇಲ್ಲವಾದರೆ ದುಬಾರಿ ಎನ್‌ಆರ್‌ಐ ಕೋಟಾದತ್ತ ನೋಡಬೇಕಾಗುತ್ತದೆ. ಅರ್ಜಿ ತುಂಬುವಾಗ ಹೊರಗಿನವನಾದ ಹುಡುಗ, ಹಾಸ್ಟೆಲಿನ ಬಾಗಿಲಲ್ಲಿ ಒಮ್ಮೆಲೇ ಊರಿನವನಾಗಿಬಿಡಬೇಕೆಂಬುದು ನಮ್ಮೆಲ್ಲರ ನಿರೀಕ್ಷೆ. ಪಾಸ್‌ಪೋರ್ಟ್ ಭಾರತದ್ದು, ಮುಖ ನಮ್ಮದು. ಆದುದರಿಂದ ಪರದೇಶದ ವಿದ್ಯಾರ್ಥಿಗೆ ಸಲ್ಲುವ ಸಹನೆ ಅವನಿಗೆ ಸಲ್ಲುವುದಿಲ್ಲ.

ಅವನು ಅಜ್ಜಿಯೊಡನೆ ತುಳುವಿನಲ್ಲಿ ನಿರರ್ಗಳವಾಗಿ ಮಾತನಾಡಬಲ್ಲ. ಬಸ್ಸಿನ ಫಲಕ ಓದಲಾರ. ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್, ಅರೇಬಿಕ್, ಹಿಂದಿ. ಊರೆಂದರೆ ಅವನಿಗೆ ಬೇಸಿಗೆಯ ರಜೆ, ಮದುವೆಯ ಮಂಟಪ, ಚಿಕ್ಕಪ್ಪನ ಕಾರು. ಸಹಪಾಠಿಗಳಿಗೆ ಅವನು 'ದುಬೈ ಹುಡುಗ', ಕೈತುಂಬ ಹಣವಿರುವವನು. ತಂದೆ ಪ್ರವೇಶ ಶುಲ್ಕಕ್ಕೆ ಸಾಲ ಮಾಡಿರುವುದು ಯಾರಿಗೂ ತಿಳಿಯದು. ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗುಳಿದರೆ ಸಾಮಾನ್ಯವಾಗಿ ಇಲ್ಲಿನ ವಾಸದ ವೀಸಾ ಅಸಿಂಧುವಾಗುವುದರಿಂದ, ರಜೆಗೆ ಮನೆಗೆ ಬರುವುದರ ಹಿಂದೆಯೂ ಒಂದು ಗಡುವಿನ ಲೆಕ್ಕವಿರುತ್ತದೆ.

ರಾಯಚೂರಿನಿಂದ ಬೆಂಗಳೂರಿಗೆ ಹೋದ ಹುಡುಗನಿಗೂ ಕಷ್ಟವಿಲ್ಲವೇ, ಕಷ್ಟವೇ ಕಲಿಸುವುದಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅವನು ಮನ ಸೋತಾಗ ರಾತ್ರಿಯ ರೈಲು ಹತ್ತಿ ಬೆಳಗಾಗುವಷ್ಟರಲ್ಲಿ ಅಮ್ಮನ ಬಳಿ ಇರುತ್ತಾನೆ. ಈ ಹುಡುಗನ ಮನೆ ಕಡಲಾಚೆಗಿದೆ. 'ಇದು ನನಗೆ ಹೊಸ ದೇಶ' ಎಂದು ಬಾಯಿಬಿಟ್ಟು ಹೇಳಿಕೊಳ್ಳುವ ಅವಕಾಶವೂ ಅವನಿಗಿಲ್ಲ; ಹೇಳಿದರೆ ಜಂಬವೆನಿಸುತ್ತದೆ.

ಗಲ್ಫ್‌ಗೆ ಹೊರಟು ನಿಂತಿರುವ ದಂಪತಿಗಳು ಸಂಬಳದ ಲೆಕ್ಕದ ಜೊತೆಗೆ ಮಗುವಿನ ಏಳು ವರ್ಷದ ಲೆಕ್ಕವನ್ನೂ ಹಾಕಿಕೊಳ್ಳಲಿ. ಇಲ್ಲಿರುವವರು ಒಂಬತ್ತನೆಯ ತರಗತಿಯಲ್ಲಿಯೇ ಅರ್ಹತೆಯ ನಿಯಮಗಳನ್ನು ಓದಿಡಲಿ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲಿ. ದುಬೈಯಲ್ಲಿ ಕನ್ನಡ ಮಿತ್ರರು ನಡೆಸುವ ಪಾಠಶಾಲೆಯಂಥ ವಾರಾಂತ್ಯದ ತರಗತಿಗಳು ಅಬುಧಾಬಿಯ ಮಕ್ಕಳಿಗೂ ಬೇಕು. ಒಂದು ರಜೆಯಲ್ಲಾದರೂ ಅವರು ಊರಿನಲ್ಲಿ ತಾವೇ ಬಸ್ಸು ಹತ್ತಲಿ, ಬ್ಯಾಂಕಿಗೆ ಹೋಗಲಿ, ದಾರಿ ತಪ್ಪಿ ಕೇಳಿ ತಿಳಿಯಲಿ.

ಊರಿನ ಬಂಧುಗಳಲ್ಲಿ ಒಂದು ಕೋರಿಕೆ. ಕಾಲೇಜಿನ ಫಾರಂನಲ್ಲಿ ಸ್ಥಳೀಯ ಪೋಷಕರೆಂದು ಸಹಿ ಹಾಕುವುದು ಸುಲಭ. ತಿಂಗಳಿಗೊಂದು ಭಾನುವಾರ ಮನೆಗೆ ಕರೆದು ಊಟಕ್ಕೆ ಕೂರಿಸಿ, 'ಇಲ್ಲಿ ಯಾವುದು ನಿನಗೆ ಅರ್ಥವಾಗುತ್ತಿಲ್ಲ ಮಗಾ' ಎಂದು ಕೇಳಿ. ನಮ್ಮ ನುಡಿಯಲ್ಲಿ ಪರದೇಶಿ ಎಂಬ ಮಾತಿಗೆ ದಿಕ್ಕಿಲ್ಲದವನೆಂಬ ಅರ್ಥವೂ ಇದೆ. ಮೊದಲನೆಯ ಅರ್ಥವನ್ನು ಒಪ್ಪಿಕೊಂಡರೆ ಎರಡನೆಯದನ್ನು ತಪ್ಪಿಸಬಹುದು.