ಮೂಳೆಗೆ ಯಾಕೆ ತೂತು ಕೊರೆದರು?

ಹೋದ ವರ್ಷ ನಾನೊಂದು ತಪ್ಪು ಸಲಹೆ ಕೊಟ್ಟೆ. ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ನನ್ನ ವಯಸ್ಸಿನ ಓದುಗರಲ್ಲಿ ಇನ್ನೂ ಕೆಲವರ ನಾಲಿಗೆ ತುದಿಯಲ್ಲಿ ಅದೇ ಸಲಹೆ ಇರಬಹುದು.

ನನ್ನ ಮಗಳ ಮಗ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದ. ರೈಡಿಗೆ ಹೋದವನು ಮಂಡಿ ತಿರುಚಿಕೊಂಡು ಬಿದ್ದ. ಮೂಳೆ ಮುರಿದಿರಲಿಲ್ಲ. ಎಂಆರ್‌ಐ ಮಾಡಿಸಿದಾಗ ತೊಡೆಯ ಮೂಳೆಯ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಮೃದ್ವಸ್ಥಿ ಕಿತ್ತುಹೋಗಿದೆ ಎಂದರು. ಆಪರೇಷನ್ ಆಯಿತು. ಹೊರಗೆ ಕಾಣುವುದು ಎರಡೇ ಸಣ್ಣ ಗಾಯ. ಮೂರನೇ ವಾರಕ್ಕೆ ನೋವಿಲ್ಲ, ಊತವಿಲ್ಲ. ಆದರೂ ಹುಡುಗ ಊರುಗೋಲು ಬಿಡಲೊಲ್ಲ.

"ಏನೋ ಇದು, ಆ ಕೋಲು ಬಿಸಾಕಿ ನಡಿಯೋ, ಕಾಲು ಸೋಮಾರಿಯಾಗುತ್ತೆ" ಎಂದೆ. ತಾತ ಹೇಳಿದರಲ್ಲ ಎಂದು ಅವನು ಬೀದಿ ಕೊನೆಯ ಅಂಗಡಿವರೆಗೆ ಹೋಗಿ ಬಂದ. ಮಗಳಿಗೆ ಗೊತ್ತಾಯಿತು. "ಅಪ್ಪಾ, ಬ್ಯಾಂಕಿನಲ್ಲಿದ್ದಾಗ ನೀವು ಪಕ್ಕದ ಕೌಂಟರಿನ ಕ್ಯಾಷಿಗೆ ಕೈ ಹಾಕ್ತಿದ್ರಾ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋದೆವು. ಏಳನೇ ತರಗತಿಯ ಮೊಮ್ಮಗಳೂ ಜೊತೆಗೆ ಬಂದಳು. ಕೂತ ತಕ್ಷಣ ಅವಳದೇ ಮೊದಲ ಪ್ರಶ್ನೆ: "ಅಣ್ಣನ ಮೂಳೆಗೆ ತೂತು ಯಾಕೆ ಕೊರೆದ್ರಿ?"

ಮಕ್ಕಳೇ, ಕೋಳಿ ಕಾಲಿನ ಮೂಳೆಯ ತುದಿಯಲ್ಲಿ ಬೆಳ್ಳಗೆ, ನುಣ್ಣಗೆ, ಹೊಳೆಯುವ ಟೊಪ್ಪಿ ಇರುತ್ತದಲ್ಲ, ಅದೇ ಮೃದ್ವಸ್ಥಿ. (ಕೋಳಿ ತಿನ್ನದವರು ಪಕ್ಕದ ಮನೆಯವರನ್ನು ಕೇಳಿ.) ನಮ್ಮ ಮಂಡಿಯಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್. ಹೆಚ್ಚಿನ ಪಾಲು ನೀರೇ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಕೀಲಿನೊಳಗಿನ ಜಿಗುಟು ದ್ರವವೇ ಅದಕ್ಕೆ ಊಟ. ಕಾಲು ಆಡಿದಾಗ ಸ್ಪಂಜಿನ ಹಾಗೆ ಹಿಂಡಿಕೊಂಡು, ಮತ್ತೆ ಹೀರಿಕೊಳ್ಳುತ್ತದೆ.

ಚರ್ಮ ತರಚಿದರೆ ರಕ್ತ ಬಂದು ಹೆಪ್ಪುಗಟ್ಟುತ್ತದೆ, ಅದರ ಅಡಿಯಲ್ಲಿ ಗಾಯ ಮಾಯುತ್ತದೆ. ಮೃದ್ವಸ್ಥಿಗೆ ರಕ್ತವೇ ಇಲ್ಲದ ಮೇಲೆ ಮಾಯುವುದು ಹೇಗೆ? ಒಮ್ಮೆ ಹಾಳಾದರೆ ಅದು ಮೊದಲಿನಂತಾಗದು ಎಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿಟ್ಟಿದ್ದ.

ಅದಕ್ಕೇ ತೂತು. ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಎಂಬ ವೈದ್ಯರು 1980ರ ದಶಕದಲ್ಲಿ ಬಳಕೆಗೆ ತಂದ ಉಪಾಯ ಇದು. ಕಿತ್ತುಹೋದ ಜಾಗವನ್ನು ಸ್ವಚ್ಛಮಾಡಿ, ಅಡಿಯ ಮೂಳೆಗೆ ಮೂರು-ನಾಲ್ಕು ಮಿಲಿಮೀಟರಿಗೊಂದರಂತೆ ಸಣ್ಣ ತೂತು ಮಾಡುತ್ತಾರೆ. ಮಜ್ಜೆಯಿಂದ ರಕ್ತ ಉಕ್ಕಿ ಗುಂಡಿಯಲ್ಲಿ ಹೆಪ್ಪುಗಟ್ಟುತ್ತದೆ. ಅದರಲ್ಲಿರುವ ಎಳೆಯ ಜೀವಕೋಶಗಳು ತಿಂಗಳುಗಟ್ಟಲೆ ಕೂತು ಹೊಸ ಹೊದಿಕೆ ನೇಯುತ್ತವೆ. ಮೊದಮೊದಲು ಆ ಹೆಪ್ಪು ಬಲು ಮೆತ್ತಗೆ. ಕಾಲಿನ ಮೇಲೆ ಪೂರ್ತಿ ಭಾರ ಬಿದ್ದರೆ ಅದು ಉಜ್ಜಿಹೋಗಬಹುದು. ಆದ್ದರಿಂದಲೇ ಅವನಿಗೆ ಆರರಿಂದ ಎಂಟು ವಾರ ಊರುಗೋಲು. ಮಂಡಿಯನ್ನು ಮಡಚಿ ಬಿಡಿಸುತ್ತಿರಬೇಕು, ಭಾರ ಮಾತ್ರ ಹಾಕಬಾರದು.

"ಗಾಯದ ಚಕ್ಕಳ ಕೀಳಬಾರದು ಅಂತ ತಾತನೇ ನನಗೆ ಬೈತಾರೆ" ಎಂದಳು ಮೊಮ್ಮಗಳು. ಡಾಕ್ಟರು ನಕ್ಕರು. ನಾನು ಕಿಟಕಿ ಕಡೆ ನೋಡಿದೆ.

ಹೊಸದಾಗಿ ಬೆಳೆಯುವುದು ಹಳೆಯದೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ಅದು ನಾರು ಹೆಚ್ಚಿರುವ ಮೃದ್ವಸ್ಥಿ. ಹರಿದ ನೋಟಿಗೆ ಹಿಂದಿನಿಂದ ಕಾಗದ ಅಂಟಿಸಿದ ಹಾಗೆ: ಚಲಾವಣೆ ಆಗುತ್ತದೆ, ಆದರೆ ಹೊಸ ನೋಟಿನ ಗಟ್ಟಿತನ ಇಲ್ಲ. ಅಡಿಯ ಮೂಳೆಯೂ ಸುಮ್ಮನಿರುವುದಿಲ್ಲ. ತೂತು ಮಾಡಿದ ಸುತ್ತ ತಿಂಗಳುಗಟ್ಟಲೆ ನೀರು ಕಟ್ಟಿದ ಹಾಗೆ ಸ್ಕ್ಯಾನಿನಲ್ಲಿ ಕಾಣಬಹುದು. ಕೆಲವರಿಗೆ ಅಲ್ಲಿ ಸಣ್ಣ ಪೊಳ್ಳು ಗುಳ್ಳೆಗಳಾಗುತ್ತವೆ. ಇನ್ನು ಕೆಲವರಿಗೆ ಮೂಳೆ ಮೇಲಕ್ಕೆ ಬೆಳೆದು ಗುಂಡಿಯೊಳಕ್ಕೆ ಉಬ್ಬುತ್ತದೆ, ಆಗ ಮೇಲಿನ ಹೊದಿಕೆ ತೆಳ್ಳಗಾಗುತ್ತದೆ.

ಇದಕ್ಕಿಂತ ಬೇರೆ ದಾರಿಯನ್ನು ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲಿ ಹುಡುಕಿದರು. ರೋಗಿಯದೇ ಮೃದ್ವಸ್ಥಿಯ ಚೂರು ತೆಗೆದು, ಅದರ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಮತ್ತೆ ಮಂಡಿಗೇ ಹಾಕುವುದು. 1987ರಲ್ಲಿ ಶುರುಮಾಡಿ, 1994ರಲ್ಲಿ 23 ಜನರ ಫಲಿತಾಂಶ ಪ್ರಕಟಿಸಿದರು. ಅದಕ್ಕೆ ಎರಡು ಆಪರೇಷನ್, ಖರ್ಚೂ ಹೆಚ್ಚು. ಕೆಲವರಲ್ಲಿ ಮೇಲೆ ಹೊಲಿದ ಪೊರೆಯೇ ಅತಿಯಾಗಿ ದಪ್ಪಗಾದದ್ದೂ ಉಂಟು.

ನನ್ನ ಮಂಡಿಗೂ ಇದು ಆಗುತ್ತದೆಯೇ ಎಂದು ಕೇಳಿದೆ. "ನಿಮ್ಮದು ಒಂದು ಗುಂಡಿ ಅಲ್ಲ ಸಾರ್, ರಸ್ತೆಯೇ ಸವೆದಿದೆ" ಎಂದರು. ನನ್ನಂಥವರ ಸವೆತಕ್ಕೆ ಈ ಚಿಕಿತ್ಸೆ ಅಲ್ಲ.

ನನ್ನ ಪುಣ್ಯ, ಅವತ್ತಿನ ನಡಿಗೆಯಿಂದ ಕೆಟ್ಟದ್ದೇನೂ ಆದಂತೆ ಕಾಣಲಿಲ್ಲ. ಮೊನ್ನೆ ವರ್ಷದ ಸ್ಕ್ಯಾನ್ ಆಯಿತು. ಗುಂಡಿ ತುಂಬಿದೆ. ಒಂದು ಅಂಚಿನಲ್ಲಿ ಮಾತ್ರ ಮೂಳೆ ಸ್ವಲ್ಪ ಮೇಲೆದ್ದಿದೆ. ನಡಿಗೆ, ಸೈಕಲ್, ಈಜು ಎಲ್ಲ ಸರಿ. ಕಬಡ್ಡಿಯ ನೆಗೆತ, ತಿರುಚುವಿಕೆ ಮಾತ್ರ ಯೋಚಿಸಿ ನಿರ್ಧರಿಸು ಎಂದಿದ್ದಾರೆ. ಅವನು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಈ ಸಲ ನಾನೂ ಏನೂ ಹೇಳಲಿಲ್ಲ. ಮೂರನೇ ದಿನ ಸಂಜೆ ಸೀಟಿ ಹುಡುಕಿಕೊಂಡು ಶಾಲೆಯ ಮೈದಾನಕ್ಕೆ ಹೋದ, ಚಿಕ್ಕ ಹುಡುಗರಿಗೆ ಆಟ ಆಡಿಸಲು.

ಊರುಗೋಲು ಅಟ್ಟದ ಮೇಲಿದೆ. ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾಳೆ ನನ್ನ ಹೆಂಡತಿ. ಇಳಿಸೋಣ ಎಂದು ನಾನು ಏಣಿಗೆ ಕಾಲಿಟ್ಟರೆ, "ಅಪ್ಪಾ, ಮಂಡಿ!" ಎಂದು ಅಡಿಗೆಮನೆಯಿಂದ ಮಗಳ ಕೂಗು.