ಇಪ್ಪತ್ತು ತುಂಬದ ಮಗನ ಕೈಗೆ ಗೂಡ್ಸ್ ಗಾಡಿ ಬೇಡ

ತಾಳವಾಡಿ ಕಡೆಯಿಂದ ತರಕಾರಿ ತುಂಬಿಕೊಂಡು ಚಾಮರಾಜನಗರಕ್ಕೆ ಹೊರಡುವ ಟಾಟಾ ಏಸ್‌ಗಳ ಸ್ಟಿಯರಿಂಗ್ ಹಿಡಿದವರು ಎಷ್ಟೋ ಸಲ ಮನೆಯ ಹುಡುಗರೇ. ಹದಿನೆಂಟು ತುಂಬಿತು, ಲೈಸೆನ್ಸ್ ಬಂತು, ಇನ್ನೇನು ಅಂತೀರಿ. ಅಲ್ಲೇ ಇರೋದು ಎಡವಟ್ಟು. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಂ ಪ್ರಕಾರ ಸರಕು ಸಾಗಣೆ ಗಾಡಿ ಓಡಿಸಲು 20 ವರ್ಷ ಆಗಿರಬೇಕು. 7,500 ಕೆ.ಜಿ. ಒಳಗಿನ ಗಾಡಿಗೆ ಲಘು ವಾಹನದ ಲೈಸೆನ್ಸೇ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ವಯಸ್ಸಿನ ಮಾತು ಬೇರೆ. ಹತ್ತೊಂಬತ್ತರ ಹುಡುಗ ಯಾರಿಗಾದರೂ ಗುದ್ದಿದರೆ, ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಆ ದುಡ್ಡನ್ನು ಮಾಲೀಕನಿಂದಲೇ ವಸೂಲಿಗೆ ಬರಬಹುದು. ಗಾಡಿ ಮಾರಿದರೂ ತೀರದಿದ್ದರೆ ಆಮೇಲೆ ಹೊಲ. ಡ್ರೈವರನ ಕೂಲಿ ಉಳಿಸೋಕೆ ಹೊಲವನ್ನೇ ಪಣಕ್ಕಿಡುವ ವ್ಯಾಪಾರ ನನಗಂತೂ ಒಪ್ಪಿಗೆಯಿಲ್ಲ. ಎರಡು ವರ್ಷ ಹುಡುಗ ಪಕ್ಕದಲ್ಲಿ ಕೂತು ಮೂಟೆ ಎಣಿಸಲಿ.